ಅಂಬಿಗೆ ತೂಕ ಹುಡುಕಿ ನಾಲ್ಕು ತಾಲ್ಲೂಕು

ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳಲ್ಲಿ ವಿಜಯದಶಮಿಯ ಸಂಜೆ ಅಂಬು ಹಾಯುವ ಪದ್ಧತಿ ಇದೆ. ದೇವರ ಉತ್ಸವಮೂರ್ತಿ ಊರ ಹೊರಗಿನ ಬನ್ನಿಮರದವರೆಗೆ ಮೆರವಣಿಗೆಯಲ್ಲಿ ಬರುತ್ತದೆ. ಮರದ ಮುಂದೆ ಬಾಳೆಕಂಬ ನೆಟ್ಟಿರುತ್ತಾರೆ. ಊರಿನ ಪರವಾಗಿ ಒಬ್ಬರು ಬಿಲ್ಲೆತ್ತಿ ಬಾಳೆಗೆ ಅಂಬು ಬಿಡುತ್ತಾರೆ. ಅಂಬು ನಾಟಿತೆಂದರೆ ತಮಟೆ ಜೋರಾಗುತ್ತದೆ, ಜನ ಬನ್ನಿಸೊಪ್ಪಿಗೆ ಕೈ ಹಾಕುತ್ತಾರೆ, ಬಂಗಾರದಂತೆ ಇರೋಣ ಎಂದು ಒಬ್ಬರಿಗೊಬ್ಬರು ಕೊಟ್ಟು ದೊಡ್ಡವರ ಕಾಲಿಗೆ ನಮಸ್ಕಾರ ಮಾಡುತ್ತಾರೆ.

ಹೊಸದುರ್ಗ ತಾಲ್ಲೂಕಿನ ನಮ್ಮ ಸಣ್ಣ ಊರಿನಲ್ಲೂ ಇದು ತಲೆಮಾರುಗಳಿಂದ ನಡೆದು ಬಂದಿದೆ. ದೇವಸ್ಥಾನದ ಬಿಲ್ಲು ಹಳೆಯದು, ಬಿದಿರಿನದು, ಬಹಳ ಬಿಗಿ. ಪ್ರತಿ ವರ್ಷ ಹೊಸ ಅಂಬು ಮಾಡಿಕೊಡುತ್ತಿದ್ದವರು ನಮ್ಮ ದೊಡ್ಡಪ್ಪ. ಅವರು ತೀರಿಕೊಂಡ ಮೇಲೆ ಅಂಗಡಿಯಿಂದ ತಂದ ಉರುಟು ಕಡ್ಡಿಗೆ ಮೊನೆ ಸಿಕ್ಕಿಸಿ ಕೆಲಸ ಸಾಗಿಸಿದರು. ಹೋದ ವರ್ಷ ಆ ಕಡ್ಡಿ ಹೆದೆ ಬಿಟ್ಟ ಕ್ಷಣದಲ್ಲೇ ಎರಡು ಹೋಳಾಯಿತು. ಒಂದು ಸೀಳು ಬಿಲ್ಲು ಹಿಡಿದ ಹುಡುಗನ ಅಂಗೈಗೆ ಹೊಕ್ಕಿತು. ಅವನಿಗೆ ಇನ್ನೂ ಹತ್ತೊಂಬತ್ತು ವರ್ಷ, ಕಾಲೇಜಿಗೆ ಹೋಗುವವನು. ನಾಲ್ಕು ಹೊಲಿಗೆ ಬಿದ್ದವು.

ಅಪಶಕುನ ಎಂದರು ಕೆಲವರು. ಇನ್ನು ಮೇಲೆ ಅಂಬು ಹಾಯುವುದೇ ಬೇಡ, ಬಾಳೆಗೆ ಕುಂಕುಮ ಇಟ್ಟು ಬಂದರಾಯಿತು ಎಂದರು ಇನ್ನು ಕೆಲವರು. ಹುಡುಗನ ತಾಯಿ ಮಾತ್ರ, "ನನ್ನ ಮಗ ಬಿಲ್ಲು ಹಿಡೀಲಿ, ಬ್ಯಾಡ ಅನ್ನಲ್ಲ. ಆದ್ರೆ ಮುರೀದಿರೋ ಅಂಬು ಕೊಡ್ರಿ" ಎಂದರು. ನ್ಯಾಯವಾದ ಮಾತು. ಊರಿನವರು ನನ್ನ ಕಡೆ ನೋಡಿದರು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಜೊತೆಗೆ ದೊಡ್ಡಪ್ಪನ ಮನೆಯವನು. ಹೊಸ ಅಂಬಿನ ಹೊಣೆ ಹೀಗೆ ನನ್ನ ಮೇಲೆ ಬಂತು.

ದೊಡ್ಡಪ್ಪ ಏನನ್ನೂ ಬರೆದಿಟ್ಟಿರಲಿಲ್ಲ. ಅವರ ಒಂದು ಮಾತು ಮಾತ್ರ ನೆನಪಿತ್ತು: "ಅಂಬು ಕೈಗೆ ಭಾರ ಅನ್ನಿಸಬೇಕು." ಎಷ್ಟು ಭಾರ, ಯಾವ ಮರ, ಕೇಳಿದವರಿಲ್ಲ.

ದಸರೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿರುವ ನನ್ನ ಮಗ ಅಲ್ಲಿನ ಗೆಳೆಯರೊಬ್ಬರ ಕೈಲಿ ಎರಡು ಬಾಣ ಕಳಿಸಿಕೊಟ್ಟ. ಅವು ಒತ್ತಿದ ಮರದ ಬಾಣಗಳು. ನೋಡಲು ಪೆನ್ಸಿಲ್ ದಪ್ಪ, ಹಿಡಿದರೆ ಕಬ್ಬಿಣದ ಸರಳಿನ ಹಾಗೆ ಕೈ ಜಗ್ಗುತ್ತಿದ್ದವು. ಏಳನೇ ತರಗತಿಯ ಮೊಮ್ಮಗಳು ಅವನ್ನು ಹೊಸದುರ್ಗದ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಳು. ಮುರಿದ ಅಂಬಿನ ಎರಡೂ ಹೋಳು ಸೇರಿ 22 ಗ್ರಾಂ. ಒತ್ತಿದ ಮರದ ಬಾಣ 46 ಗ್ರಾಂ. ದಪ್ಪ ಒಂದೇ, ಉದ್ದ ಒಂದೇ.

"ತಾತ, ಒಳಗೆ ಸೀಸ ತುಂಬಿದ್ದಾರಾ?" ಎಂದಳು. ಇಲ್ಲ, ಮೊನೆ ಬಿಟ್ಟರೆ ಪೂರ್ತಿ ಮರವೇ. ಹಾಗಾದರೆ ಭಾರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನೂ ಬಾಣವನ್ನೂ ಚೀಲಕ್ಕೆ ಹಾಕಿಕೊಂಡು, ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಹೊಸದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ, ಹಿರಿಯೂರು, ಮತ್ತೆ ಮನೆ. ನಾಲ್ಕು ತಾಲ್ಲೂಕಿನ ಒಂದು ಸುತ್ತು.

ಹೊಳಲ್ಕೆರೆಯ ಅವಲಕ್ಕಿ

ಹೊಳಲ್ಕೆರೆ ಎಂದರೆ ಬಯಲು ಗಣಪ. ತಲೆಯ ಮೇಲೆ ಸೂರಿಲ್ಲದೆ ಬಿಸಿಲು ಮಳೆಗೆ ಒಡ್ಡಿಕೊಂಡು ಕೂತ ದೊಡ್ಡ ಕಲ್ಲಿನ ಗಣಪತಿ. ಕೈಮುಗಿದು, ನನಗೆ ಹಳೆಯ ಪರಿಚಯದ ಬಡಗಿ ಆಚಾರ್ರ ಮನೆಗೆ ಹೋದೆವು. ಎಪ್ಪತ್ತು ದಾಟಿದವರು. ಒಂದು ಕಾಲದಲ್ಲಿ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದರು, ಈಗ ಬಾಗಿಲು ಕಿಟಕಿಯ ರಿಪೇರಿ ಮಾಡುತ್ತಾರೆ.

ಮುರಿದ ಅಂಬನ್ನು ಮೊದಲು ನೋಡಿದರು. ಮುರಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ನೋಡವ್ವ ಮಗಾ, ಇದರ ಎಳೆ ಓರೆ ಐತೆ" ಎಂದು ಮೊಮ್ಮಗಳಿಗೆ ತೋರಿಸಿದರು. ಮರದ ಎಳೆ ಕಡ್ಡಿಯ ಈ ತುದಿಯಿಂದ ಆ ತುದಿಗೆ ಓಡಿರಬೇಕು. ಯಂತ್ರ ಹಲಗೆಯನ್ನು ಉರುಟು ಕಡ್ಡಿ ಮಾಡುವಾಗ ಎಳೆ ಎತ್ತ ಹೋಗುತ್ತದೆಂದು ನೋಡುವುದಿಲ್ಲ, ಸುಮ್ಮನೆ ಕೊಯ್ಯುತ್ತದೆ. ಎಳೆ ನಡುವಿನಲ್ಲಿ ಪಕ್ಕಕ್ಕೆ ಹೊರಟು ಹೋದ ಕಡೆ ಕಡ್ಡಿಗೆ ಬಲವಿಲ್ಲ. ಹಿಂದಿನವರು ಮರವನ್ನು ಸೀಳಿ ಕಡ್ಡಿ ತೆಗೆಯುತ್ತಿದ್ದರು. ಸೀಳು ಎಳೆಯ ದಾರಿಯಲ್ಲೇ ಹೋಗುತ್ತದೆ.

"ಸೌದೆ ಸೀಳೋದು, ಹಲಗೆ ಕುಯ್ಯೋದು ಎರಡೂ ಒಂದೇ ಅಲ್ಲ ಮೇಷ್ಟ್ರೇ" ಎಂದರು.

ಆಮೇಲೆ ಒತ್ತಿದ ಮರದ ಬಾಣವನ್ನು ಕೈಗೆ ತೆಗೆದುಕೊಂಡು ಎರಡು ಸಲ ತೂಗಿ ನೋಡಿದರು. ಉಗುರಿನಿಂದ ಕೆರೆದರು, ಗುರುತು ಬೀಳಲಿಲ್ಲ. "ಇದು ಯಾವ ಮರ?" ಎಂದರು. ಪೈನ್ ಜಾತಿಯದು, ನಮ್ಮಲ್ಲಿ ಪೆಟ್ಟಿಗೆ ಮಾಡುವಂಥ ಹಗುರ ಮರ, ಬಿಸಿ ಮಾಡಿ ಒತ್ತಿದ್ದಾರೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಅವರ ಮನೆಯವರು ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ತಂದರು. ನನಗೆ ಪಾಠ ಮಾಡಲು ಬೇಕಾದ್ದು ಸಿಕ್ಕಿತು.

"ಅಮ್ಮಾ, ಹಿಂದೆ ಮನೆಯಲ್ಲೇ ಅವಲಕ್ಕಿ ಕುಟ್ಟುತ್ತಿದ್ದಿರಲ್ಲ, ಹೇಗೆ ಅಂತ ಈ ಹುಡುಗಿಗೆ ಹೇಳಿ" ಎಂದೆ.

"ಭತ್ತ ನೆನೆಹಾಕಬೇಕು. ಬಿಸಿ ಓಡಿನಲ್ಲಿ ಹುರೀಬೇಕು. ಬಿಸಿ ಇದ್ದಾಗಲೇ ಒರಳಿಗೆ ಹಾಕಿ ಒನಕೇಲಿ ಕುಟ್ಟಬೇಕು. ಆರಿದ ಮೇಲೆ ಕುಟ್ಟಿದ್ರೆ ನುಚ್ಚಾಗುತ್ತೆ."

ಒತ್ತಿದ ಮರದ ಗುಟ್ಟೂ ಇಷ್ಟೇ. ಮರವೆಂದರೆ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ಕೊಳವೆಯ ಗೋಡೆ ಗಟ್ಟಿ, ನಡುವೆ ಖಾಲಿ ಜಾಗ. ಹಗುರ ಮರದ ಗೋಡೆ ತೆಳು, ಖಾಲಿ ಜಾಗ ಜಾಸ್ತಿ. ಭಾರದ ಮರದ ಗೋಡೆ ದಪ್ಪ, ಖಾಲಿ ಜಾಗ ಕಡಿಮೆ. ಆದರೆ ಆ ಗೋಡೆಯ ಪದಾರ್ಥವನ್ನಷ್ಟೇ ತೂಗಿದರೆ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ ತೂಕ, ನೀರಿನ ಸುಮಾರು ಒಂದೂವರೆ ಪಟ್ಟು. ಬೂರುಗಕ್ಕೂ ತೇಗಕ್ಕೂ ಇರುವ ವ್ಯತ್ಯಾಸವೆಲ್ಲ ಮುಖ್ಯವಾಗಿ ನಡುವಿನ ಗಾಳಿಯದು. ಮರಕ್ಕೆ ಬಿಸಿ ಮತ್ತು ತೇವ ಕೊಟ್ಟರೆ ಗೋಡೆಗಳನ್ನು ಅಂಟಿನಂತೆ ಹಿಡಿದಿರುವ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಬಲವಾಗಿ ಒತ್ತಿದರೆ ಕೊಳವೆಗಳು ಮುರಿಯದೆ ಚಪ್ಪಟೆಯಾಗುತ್ತವೆ. ಒತ್ತಿದ ಹಾಗೇ ಆರಲು ಬಿಟ್ಟರೆ ಹಾಗೇ ನಿಲ್ಲುತ್ತವೆ. ಗಾಳಿ ಹೋಯಿತು, ಮರ ಉಳಿಯಿತು. ಎರಡಂಗುಲದ ಹಲಗೆ ಒಂದಂಗುಲವಾದರೆ ಅದೇ ಅಳತೆಯ ಕಡ್ಡಿಗೆ ಎರಡರಷ್ಟು ತೂಕ ಬರುತ್ತದೆ.

ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯ ಉತ್ಪನ್ನ ಪ್ರಯೋಗಾಲಯ 1940ರ ದಶಕದಲ್ಲಿ ಈ ವಿದ್ಯೆಯನ್ನು ಚೆನ್ನಾಗಿ ಅಭ್ಯಾಸ ಮಾಡಿತು. ಅಲ್ಲಿನ ಆರೆಗಾನ್ ರಾಜ್ಯದ ಬಿಲ್ ಸ್ವೀಟ್‌ಲೆಂಡ್ ಎಂಬವರು ಸೀಡರ್ ಮರವನ್ನು ಒತ್ತಿ 'ಫೋರ್ಜ್‌ವುಡ್' ಎಂಬ ಬಾಣದ ಕಡ್ಡಿ ಮಾಡಿ ಬಿಲ್ಲುಗಾರರಲ್ಲಿ ಹೆಸರಾದರು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಮರದಿಂದ ಸ್ವಲ್ಪ ಲಿಗ್ನಿನ್ ತೆಗೆದು, ಬಿಸಿಯಲ್ಲಿ ಒತ್ತಿ, ದಪ್ಪವನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿ, ಹತ್ತು ಪಟ್ಟಿಗಿಂತ ಹೆಚ್ಚು ಬಲ ಬರಿಸಿದರು. ಅಷ್ಟು ದೂರ ಯಾಕೆ, ಒತ್ತಿದ ಮರ ನಮ್ಮ ಮಕ್ಕಳ ಕೈಯಲ್ಲೇ ಇದೆ. ಕ್ರಿಕೆಟ್ ಬ್ಯಾಟಿನ ವಿಲೋ ಮರ ಬಹಳ ಮೆತ್ತಗಿನದು. ಬ್ಯಾಟು ಮಾಡುವವರು ಅದರ ಮುಖವನ್ನು ರೋಲರಿನಲ್ಲಿ ಒತ್ತುತ್ತಾರೆ. ಹೊಸ ಬ್ಯಾಟನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಹದ ಮಾಡುವುದೂ ಅದಕ್ಕೇ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯನ್ನೂ ರಾಳ ಕುಡಿಸಿ ಒತ್ತಿದ ಮರದಿಂದ ಮಾಡುವುದುಂಟು.

ಆಚಾರ್ರು ಅವಲಕ್ಕಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು. "ಸರಿ ಮೇಷ್ಟ್ರೇ. ಅವಲಕ್ಕಿಗೆ ನೀರು ಹಾಕಿದ್ರೆ ಮತ್ತೆ ಉಬ್ಬುತ್ತಲ್ಲ, ಇದು ಉಬ್ಬಲ್ವಾ?"

ಅವರೇ ಪರೀಕ್ಷೆಯನ್ನೂ ಹೇಳಿಕೊಟ್ಟರು. ಒಂದು ಬಾಣದ ಹಿಂದಿನ ತುದಿಯಿಂದ ಎರಡಂಗುಲ ಕತ್ತರಿಸಿದರು. ಆ ತುಂಡು ಸರಿಯಾಗಿ ತೂರುವ ಒಂದು ಕಬ್ಬಿಣದ ನಟ್ಟನ್ನು ಡಬ್ಬಿಯಿಂದ ಹುಡುಕಿ ಕೊಟ್ಟರು. "ರಾತ್ರಿ ನೀರಲ್ಲಿ ಹಾಕಿ, ಬೆಳಿಗ್ಗೆ ತೂರಿಸಿ ನೋಡವ್ವ." ಕಾಸು ಕೊಡಲು ಹೋದರೆ ಮೊಮ್ಮಗಳ ಕೈಗೇ ತಿರುಗಿ ಇಟ್ಟರು.

ದುರ್ಗದ ಗಾಳಿ

ರಾತ್ರಿ ಚಿತ್ರದುರ್ಗದಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಮಲಗುವ ಮೊದಲು ತುಂಡನ್ನು ಲೋಟದ ನೀರಿಗೆ ಹಾಕಿದಳು. ಅದು ಕಲ್ಲಿನಂತೆ ತಳಕ್ಕೆ ಹೋಯಿತು. ಬೆಳಿಗ್ಗೆ ತೆಗೆದರೆ ಮೈಯೆಲ್ಲ ತರಿತರಿ, ಒಂದು ಕಡೆಗೆ ಉಬ್ಬಿ ಮೊಟ್ಟೆಯಾಕಾರವಾಗಿತ್ತು. ಒತ್ತಿದ ದಿಕ್ಕಿನಲ್ಲೇ ಅದು ಉಬ್ಬುವುದು. ನಟ್ಟಿಗೆ ತೂರಲಿಲ್ಲ. ಆಚಾರ್ರ ಸಂಶಯ ಸರಿಯಾಗಿತ್ತು.

ಇದು ನಮಗೆ ದೊಡ್ಡ ವಿಷಯ. ನಮ್ಮೂರಲ್ಲಿ ಬಿಟ್ಟ ಅಂಬನ್ನು ಮಾರನೆಯ ಬೆಳಿಗ್ಗೆಯವರೆಗೆ ಬಾಳೆಕಂಬದಿಂದ ಕೀಳುವ ಹಾಗಿಲ್ಲ. ಬಾಳೆಯೆಂದರೆ ಬಹುಪಾಲು ನೀರು. ಮೇಲೆ ದಸರೆಯ ಹೊತ್ತಿಗೆ ಮಳೆಯೂ ಇರುತ್ತದೆ. ವಾರ್ನಿಷ್ ಬಳಿದರೆ ಕೆಲವು ಕಾಲ ತಡೆಯಬಹುದು, ಆದರೆ ವಾರ್ನಿಷ್ ಎಲ್ಲಿ ಕಿತ್ತಿತೋ ಅಲ್ಲಿ ನೀರು ಒಳಗೆ. ಒಣ ಮೈದಾನದ ಆಟಕ್ಕೆ ಇದು ಒಳ್ಳೆಯ ಬಾಣ, ನಮ್ಮ ಬಾಳೆಕಂಬಕ್ಕೆ ಅಲ್ಲ. ಅಷ್ಟು ತೂಕ ಬೇಕು, ಆದರೆ ನೀರಿಗೆ ಉಬ್ಬದ ತೂಕ ಬೇಕು.

ಕೋಟೆ ಹತ್ತಿದೆವು. ಏಳು ಸುತ್ತಿನ ಕೋಟೆಯ ಬಂಡೆಗಳ ನಡುವೆ ನಡೆಯುವಾಗ ಮೊಮ್ಮಗಳ ಕಣ್ಣು ಗೋಡೆಯ ತೂತುಗಳ ಮೇಲೇ. ಒಳಗಿನವರಿಗೆ ಹೊರಗು ಕಾಣುತ್ತದೆ, ಹೊರಗಿನವರಿಗೆ ಒಳಗು ಕಾಣದು. ದುರ್ಗದ ನಾಯಕರು ಬೇಡ ಸಮುದಾಯದವರು, ಬಿಲ್ಲುವಿದ್ಯೆ ಅವರ ಮನೆತನದ್ದು. ಈ ಸೀಮೆಯ ವೀರಗಲ್ಲುಗಳನ್ನು ನೋಡಿ, ಬಿಲ್ಲು ಹಿಡಿದ ಕೈಗಳು ಎಷ್ಟೋ ಕಾಣುತ್ತವೆ. ಆದರೆ 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾಗಿ 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಹೋಗುವವರೆಗಿನ ಕಾಲದಲ್ಲಿ ಬಿಲ್ಲಿನ ಜಾಗಕ್ಕೆ ನಿಧಾನವಾಗಿ ಕೋವಿ ಬಂತು. ಕೋಟೆಯೊಳಗಿನ ಮದ್ದು ಬೀಸುವ ದೊಡ್ಡ ಕಲ್ಲುಗಳು ಆ ಬದಲಾವಣೆಯ ಗುರುತು.

ಅಂಬು ಯಾಕೆ ಭಾರವಿರಬೇಕು ಎಂಬುದಕ್ಕೆ ಉತ್ತರ ಕೋಟೆಯ ಮೇಲೆ ಸಿಕ್ಕಿತು. ಮೇಲೆ ಗಾಳಿ ಜೋರು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ, ಈ ಗಾಳಿಯನ್ನು ನಂಬಿಯೇ ಅವನ್ನು ನೆಟ್ಟಿರುವುದು. ಯಾರೂ ಇಲ್ಲದ ಕಡೆ ನೋಡಿ ಮೊಮ್ಮಗಳಿಗೆ ಒಂದು ಕಡಲೆಕಾಯಿ ಸಿಪ್ಪೆ, ಒಂದು ಹುಣಸೆಬೀಜ ಕೊಟ್ಟು ಎಸೆ ಎಂದೆ. ಸಿಪ್ಪೆ ಎರಡು ಮಾರು ಹೋಗಿ ಹಿಂದಕ್ಕೇ ಬಂತು. ಹುಣಸೆಬೀಜ ಹೇಳಿದ ಕಡೆ ಹೋಗಿ ಬಂಡೆಗೆ ಟಪ್ಪೆಂದಿತು.

ಭಾರದ ಅಂಬು ಬಿಲ್ಲಿನಿಂದ ನಿಧಾನ ಹೊರಡುತ್ತದೆ, ಬೇಗ ಕೆಳಗಿಳಿಯುತ್ತದೆ. ಬಹಳ ದೂರ ಹೊಡೆಯಬೇಕಾದವರು ಹಗುರ ಅಂಬನ್ನೇ ಇಟ್ಟುಕೊಳ್ಳುತ್ತಾರೆ. ಆದರೆ ಹತ್ತಿರದ ಗುರಿಗೆ ಭಾರದ್ದೇ ಲೇಸು. ಗಾಳಿ ಅದನ್ನು ಸುಲಭವಾಗಿ ತಳ್ಳಲಾರದು, ತಗಲಿದ ಮೇಲೆ ಆಳಕ್ಕೆ ನಾಟುತ್ತದೆ. ಇನ್ನೊಂದು ಮುಖ್ಯ ಕಾರಣವಿದೆ. ಎಳೆದ ಬಿಲ್ಲಿನಲ್ಲಿ ಇರುವ ಶಕ್ತಿ ಎಲ್ಲಾದರೂ ಹೋಗಲೇಬೇಕು. ಭಾರದ ಅಂಬು ಅದರಲ್ಲಿ ಹೆಚ್ಚು ಪಾಲನ್ನು ಹೊತ್ತುಕೊಂಡು ಹೋಗುತ್ತದೆ. ಅಂಬು ತೀರ ಹಗುರವಾದರೆ ಉಳಿದ ಶಕ್ತಿ ಬಿಲ್ಲಿನಲ್ಲೇ ಅದುರುತ್ತದೆ, ಹಿಡಿದ ಕೈಗೂ ತಟ್ಟುತ್ತದೆ. ಅಂಬಿಲ್ಲದೆ ಖಾಲಿ ಹೆದೆ ಎಳೆದು ಬಿಡಬಾರದು ಎಂದು ಬಿಲ್ಲುಗಾರರು ಹೇಳುವುದು ಇದಕ್ಕೇ, ಬಿಲ್ಲೇ ಸೀಳಬಹುದು. ಬಿಗಿ ಬಿಲ್ಲಿಗೆ 22 ಗ್ರಾಮಿನ ಬಡಕಲು ಕಡ್ಡಿ ಇಟ್ಟರೆ ಆಗುವುದು ನಮ್ಮೂರಲ್ಲಿ ಆದದ್ದೇ.

ಓಬವ್ವನ ಕಿಂಡಿಯ ಮುಂದೆ ಶಾಲೆಯ ಮಕ್ಕಳ ದೊಡ್ಡ ಗುಂಪಿತ್ತು. ಗಂಡ ಊಟಕ್ಕೆ ಕೂತಾಗ ನೀರಿಗೆಂದು ಬಂದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆ ಬಾಯಿಪಾಠ. ಅಲ್ಲಿ ಮೊಮ್ಮಗಳು ಬೇರೆಯೇ ಪ್ರಶ್ನೆ ತೆಗೆದಳು.

"ತಾತ, ಒನಕೆ ಯಾವ ಮರದ್ದು?"

ಕುಟ್ಟುವ ಒನಕೆ ಭಾರವಿರಬೇಕು, ಸೀಳಬಾರದು. ನೆನೆದ ಭತ್ತಕ್ಕೆ ದಿನವೂ ಬಿದ್ದರೂ ಉಬ್ಬಬಾರದು. ನಮಗೆ ಬೇಕಾಗಿದ್ದ ಗುಣಗಳನ್ನು ಅವಳೇ ಬೆರಳು ಮಡಿಸಿ ಎಣಿಸಿದಳು. ನಾನು ಆ ಕಡೆ ಯೋಚಿಸಿರಲೇ ಇಲ್ಲ.

ಹಿರಿಯೂರಿನ ಕಮರ

ಹಿರಿಯೂರಿನಲ್ಲಿ ನಮ್ಮ ಬೀಗರೊಬ್ಬರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಬೈಕಿನಲ್ಲಿ ಬಂದು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಹೋದರು. ಮೊಮ್ಮಗಳ ಪ್ರಶ್ನೆ ಕೇಳಿ, "ಈ ಸೀಮೇಲಿ ಹಳೇ ಭಾರದ ಒನಕೆ ಅಂದ್ರೆ ಕಮರ ಇರಬೇಕು" ಎಂದರು.

ಕಮರ ಒಣ ಬಯಲುಸೀಮೆಯ ಮರ. ಭಾರತದ ಅತಿ ಭಾರದ ಮರಗಳಲ್ಲಿ ಒಂದು. ಯಾರೂ ಒತ್ತದೆ, ಯಾರೂ ಬಿಸಿ ಮಾಡದೆ ತಾನೇ ನೀರಿನಲ್ಲಿ ಮುಳುಗುವಷ್ಟು ಭಾರ. ಮಳೆ ಕಡಿಮೆ ಇರುವ ಕಲ್ಲುನೆಲದಲ್ಲಿ ಬೇರನ್ನು ಆಳಕ್ಕೆ ಇಳಿಸಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಹಿರಿಯೂರಿನ ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ಕಮರ ಚೆನ್ನಾಗಿದೆ. ಅದೇ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿದರು.

ಬೀಗರು ಒಂದು ಹೊಲದ ಬದುವಿನಲ್ಲಿ ನಿಂತಿದ್ದ ಕಮರದ ಮರ ತೋರಿಸಿದರು. ಎಲೆ ನೋಡಿ ಮೊಮ್ಮಗಳು "ಚಿಟ್ಟೆ!" ಎಂದಳು. ಒಂದು ತೊಟ್ಟಿಗೆ ಎರಡು ಎಲೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೇ ಇತ್ತು. ಬರಗಾಲದಲ್ಲಿ ಇದರ ಸೊಪ್ಪು ದನಕರುಗಳ ಹೊಟ್ಟೆ ತುಂಬಿಸುತ್ತದೆ, ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು.

"ಒಂದು ಕೊಂಬೆ ಕಡಿದುಕೊಳ್ಳೋಣವೇ?" ಎಂದು ನಾನು ಕೇಳಲಿಲ್ಲ, ಅವರೇ ಮೊದಲು ಹೇಳಿದರು. "ಒಂದು ಅಂಬಿಗೋಸ್ಕರ ಇದಕ್ಕೆ ಕೊಡಲಿ ಹಾಕಬ್ಯಾಡ್ರಿ. ಇಷ್ಟು ದಪ್ಪ ಆಗೋಕೆ ನಮ್ಮ ನಿಮ್ಮ ಆಯಸ್ಸು ಬೇಕು. ಹಸಿ ಕೊಂಬೆ ಒಣಗೋಕೆ ಒಂದು ವರ್ಷ. ಮನೇಲಿ ಹುಡುಕ್ರಿ. ಹಳೇ ನೇಗಿಲು, ಗಾಡಿಯ ಗೂಟ, ಒನಕೆ, ಏನಾದರೂ ಇದ್ದೇ ಇರುತ್ತೆ."

ಮನೆಗೆ ಹೋಗುವ ದಾರಿಯಲ್ಲಿ ವಾಣಿ ವಿಲಾಸ ಸಾಗರದ ಬಳಿ ಇಳಿದೆವು. ಅಜ್ಜ ಅಜ್ಜಿಯರಿಗೆ ಇದು ಇನ್ನೂ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರಲ್ಲಿ, ಅಂದರೆ 89 ವರ್ಷದ ನಂತರ, ಮತ್ತೆ ಕೋಡಿ ಬಿತ್ತು. ಆ ದಿನ ನಾನೂ ನೋಡಲು ಬಂದಿದ್ದೆ. ನನ್ನ ಅಪ್ಪ ಹುಡುಗನಾಗಿದ್ದಾಗ ಕಂಡು ಹೇಳುತ್ತಿದ್ದ ನೀರನ್ನು ನಾನು ಮುದುಕನಾಗಿ ಕಂಡೆ. ನೀರಿನ ಅಂಚಿನಲ್ಲಿ ಮೊಮ್ಮಗಳಿಗೆ ಹೇಳಿದೆ, "ಕೆಲವು ವಿಷಯ ಒಂದು ತಲೆಮಾರು ಬಿಟ್ಟು ಬರುತ್ತವೆ ಪುಟ್ಟಿ. ನಡುವಿನವರು ನೆನಪಿಟ್ಟುಕೊಳ್ಳಬೇಕು."

"ಬರೆದಿಟ್ಟುಕೊಂಡರೆ ಇನ್ನೂ ಒಳ್ಳೇದಲ್ವಾ ತಾತ?" ಎಂದಳು.

ಅಟ್ಟದ ಒನಕೆ

ಮನೆಯ ಅಟ್ಟದಲ್ಲಿ ಒನಕೆ ಇತ್ತು. ನನ್ನ ಅಜ್ಜಿ ಕುಟ್ಟುತ್ತಿದ್ದದ್ದು. ತುದಿಯ ಕಬ್ಬಿಣದ ಬಳೆ ಕಳಚಿ ಹೋಗಿ, ಒಂದು ಪಕ್ಕ ಚಕ್ಕೆ ಎದ್ದಿತ್ತು, ಕುಟ್ಟಲು ಬರುತ್ತಿರಲಿಲ್ಲ. ಆ ಚಕ್ಕೆಯನ್ನು ಕಿತ್ತು ನೀರಿಗೆ ಹಾಕಿದೆವು. ಮುಳುಗಿತು. ಕಡುಗೆಂಪು ಬಣ್ಣ, ಉಕ್ಕಿನಂಥ ಮೈ. ಒಂದು ರಾತ್ರಿ ನೆನೆದ ಮೇಲೂ ಅದು ನಟ್ಟಿನೊಳಗೆ ಹಿಂದಿನಂತೆಯೇ ತೂರಿತು.

ಹೊಳಲ್ಕೆರೆಯಿಂದ ಆಚಾರ್ರೇ ಬಂದರು. ಒನಕೆ ನೋಡಿ ಸಂತೋಷಪಟ್ಟರು, ಆದರೆ ಪೂರ್ತಿ ಅಂಬನ್ನು ಕಮರದಲ್ಲಿ ಮಾಡುವುದು ಬೇಡವೆಂದರು. ಕಮರದ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಗಟ್ಟಿ ಹೌದು, ಆದರೆ ಉದ್ದ ಕಡ್ಡಿ ತೆಗೆದರೆ ನೆಟ್ಟಗೆ ನಿಲ್ಲದು. "ಮುಂದಕ್ಕೆ ಗೇಣುದ್ದ ಕಮರ, ಹಿಂದಕ್ಕೆ ಬಿದಿರು" ಎಂದರು. ಪ್ರಪಂಚದ ಹಲವು ಕಡೆ ಬಿಲ್ಲುಗಾರರು ಹೀಗೇ ಮಾಡುತ್ತಾರೆ. ಹಗುರ ಕಡ್ಡಿಯ ತಲೆಗೆ ಗಟ್ಟಿ ಮರದ ತುಂಡು ಬೆಸೆಯುತ್ತಾರೆ. ತೂಕ ಮುಂದಿದ್ದರೆ ಅಂಬು ಮೂಗು ಮುಂದೆ ಮಾಡಿಕೊಂಡು ನೇರ ಹೋಗುತ್ತದೆ, ಹಿಂದಿನ ಗರಿ ಅದನ್ನು ದಾರಿಯಲ್ಲಿ ಇಡುತ್ತದೆ. ಗುರಿಗೆ ಬಡಿದಾಗ ಮೊದಲು ಪೆಟ್ಟು ತಿನ್ನುವುದೂ ಮುಂದಿನ ಗೇಣೇ.

ಕೆಲಸ ಮೂರು ದಿನ ನಡೆಯಿತು. ಹಿತ್ತಲ ಮೆಳೆಯಲ್ಲಿ ಹಿಂದಿನ ವರ್ಷವೇ ಕಡಿದು ನೆರಳಲ್ಲಿ ಒಣಗಿಸಿದ್ದ ಸಣ್ಣ ಬಿದಿರು ಸಿಕ್ಕಿತು. ಗೆಣ್ಣುಗಳನ್ನು ಕೆತ್ತಿ ನಯ ಮಾಡಿ, ಡೊಂಕಿದ್ದ ಕಡೆ ಕೆಂಡದ ಕಾವು ತೋರಿಸಿ ನೆಟ್ಟಗೆ ಮಾಡಿದರು. ಅಲ್ಲಿಯೂ ಅದೇ ಪಾಠ: ಬಿಸಿಯಲ್ಲಿ ಬಾಗಿಸಿ, ಹಾಗೇ ಹಿಡಿದು ಆರಿಸಬೇಕು. ಕಮರದ ತುಂಡಿಗೆ ಉಳಿ ಹಿಡಿಯಲು ಎರಡು ಸಲ ಸಾಣೆ ಬೇಕಾಯಿತು. ಅದರ ಬಾಲವನ್ನು ಬಿದಿರಿನೊಳಗೆ ಮೂರಂಗುಲ ಇಳಿಸಿ, ಅಂಟು ಹಾಕಿ, ಮೇಲೆ ನೂಲು ಬಿಗಿಯಾಗಿ ಸುತ್ತಿ ಅರಗು ಬಳಿದರು. ಹಿಂದೆ ಹಿಳುಕು ಕೊರೆದರು, ಹೆದೆ ಕೂರುವ ಆ ಸೀಳಿನ ಕೆಳಗೂ ನೂಲು ಸುತ್ತಿದರು. ಇಲ್ಲವಾದರೆ ಹೆದೆಯ ಹೊಡೆತಕ್ಕೆ ಬಿದಿರು ಸೀಳುತ್ತದೆ. ಮೂರು ಗರಿ, ಮೂರೂ ರೆಕ್ಕೆಯ ಒಂದೇ ಪಕ್ಕದವು. ಎಡ ರೆಕ್ಕೆಯದನ್ನೂ ಬಲ ರೆಕ್ಕೆಯದನ್ನೂ ಬೆರೆಸಿದರೆ ಒಂದು ಗರಿ ಅತ್ತ ತಿರುಗಿಸುತ್ತದೆ, ಇನ್ನೊಂದು ಇತ್ತ.

ಕೊನೆಗೆ ಬಾಗು ನೋಡಬೇಕಿತ್ತು. ಎರಡು ಇಟ್ಟಿಗೆಗಳ ಮೇಲೆ ಅಂಬನ್ನು ಸೇತುವೆಯಂತೆ ಇಟ್ಟು ನಡುವೆ ಒಂದು ಕಿಲೋ ತೂಕದ ಬಟ್ಟು ನೇತುಹಾಕಿದೆವು. ಎಷ್ಟು ಜಗ್ಗುತ್ತದೆ ಎಂಬುದನ್ನು ಅಮೆರಿಕದಿಂದ ಬಂದ ಬಾಣದ ಜೊತೆ ಹೋಲಿಸಿದೆವು. ಹೆದೆ ಬಿಟ್ಟಾಗ ಪ್ರತಿ ಬಾಣವೂ ಬಿಲ್ಲಿನ ಪಕ್ಕ ಮೀನಿನಂತೆ ಸ್ವಲ್ಪ ಬಳುಕಿ ಆಮೇಲೆ ನೇರವಾಗುತ್ತದೆ. ಬಹಳ ಬಳುಕಿದರೆ ಮುರಿಯುತ್ತದೆ, ಬಳುಕದೇ ಇದ್ದರೆ ಪಕ್ಕಕ್ಕೆ ಹೋಗುತ್ತದೆ. ನಮ್ಮದು ಸರಿಸಮ ಜಗ್ಗಿತು. ತೂಕ 42 ಗ್ರಾಂ.

ಒಣಗಿದ ಕೆರೆಯಂಗಳದಲ್ಲಿ, ಹಿಂದೆ ಏರಿಯ ಮಣ್ಣು ಇರುವ ಕಡೆ ಬಾಳೆಕಂಬ ನೆಟ್ಟು ಪರೀಕ್ಷೆ ಮಾಡಿದೆವು. ಎಲ್ಲ ಮಕ್ಕಳನ್ನೂ ಬಿಲ್ಲಿನ ಹಿಂದೆ ನಿಲ್ಲಿಸಿದ್ದೆ. ಹುಡುಗನ ಕೈಗೆ ಎಮ್ಮೆ ಚರ್ಮದ ಕೈಗವಸು. ಅವನ ತಾಯಿ ಸ್ವಲ್ಪ ದೂರದಲ್ಲಿ, ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಮೊದಲ ಅಂಬು ಕಂಬಕ್ಕಿಂತ ಒಂದು ಮೊಳ ಕೆಳಗೆ ಮಣ್ಣಿಗೆ ಹೊಕ್ಕಿತು, ಭಾರದ ಅಂಬು ಬೇಗ ಇಳಿಯುತ್ತದಲ್ಲ. ಎರಡನೆಯದಕ್ಕೆ ಗುರಿ ಎತ್ತಿ ಹಿಡಿದ. ಬಾಳೆಯಲ್ಲಿ ಕಮರದ ಗೇಣು ಪೂರ್ತಿ ಮುಳುಗಿತು. ಹತ್ತು ಸಲ ಬಿಟ್ಟ. ಪ್ರತಿ ಸಲವೂ ಅಂಬನ್ನು ಕಿವಿಯ ಹತ್ತಿರ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಬಾಗಿಸಿ, ಚಿಟ್ ಎಂಬ ಸದ್ದು ಬರುತ್ತದೆಯೇ ಎಂದು ಕೇಳಿ ನೋಡಿದ ಮೇಲೆಯೇ ಹೆದೆಗೆ ಇಡಬೇಕೆಂದು ಹೇಳಿಕೊಟ್ಟೆ. ಸದ್ದು ಬಂದರೆ, ಗೀರು ಕಂಡರೆ, ಎಷ್ಟೇ ಚೆಂದದ ಅಂಬಾದರೂ ಮುರಿದು ಒಲೆಗೆ ಹಾಕಬೇಕು. ಮರದ ಬಾಣ ಬಳಸುವ ಯಾರೇ ಆಗಲಿ, ಇದೊಂದು ನಿಯಮ ಮರೆಯಬಾರದು. ಮಕ್ಕಳಂತೂ ದೊಡ್ಡವರಿಲ್ಲದೆ ಬಿಲ್ಲು ಮುಟ್ಟಲೇಬಾರದು.

ವಿಜಯದಶಮಿಯ ಸಂಜೆ ಸಣ್ಣ ಮಳೆ ಹನಿಯುತ್ತಿತ್ತು. ಅಂಬು ಒಂದೇ ಸಲಕ್ಕೆ ನಾಟಿತು. ಹುಡುಗ ಬಿಲ್ಲನ್ನು ಪೂಜಾರಿಗೆ ಕೊಟ್ಟು ನೇರ ತಾಯಿಯ ಬಳಿ ಹೋಗಿ ಅಂಗೈ ತೋರಿಸಿದ. ಮಾರನೆಯ ಬೆಳಿಗ್ಗೆ ಬಾಳೆಯಿಂದ ಕಿತ್ತು ಒರೆಸಿದಾಗ ಕಮರ ಇನ್ನಷ್ಟು ಹೊಳೆಯುತ್ತಿತ್ತು. ಬೀಗರು ಕೊಟ್ಟು ಕಳಿಸಿದ್ದ ಕಮರದ ಬೀಜಗಳಲ್ಲಿ ನಾಲ್ಕು ಮೊಳೆತಿವೆ. ಬನ್ನಿಮರದಿಂದ ಸ್ವಲ್ಪ ದೂರದಲ್ಲಿ ಗುಂಡಿ ತೋಡಿ ಇಟ್ಟು, ಆಡು ಕುರಿ ಬಾರದಂತೆ ಮುಳ್ಳು ಹಾಕಿದ್ದೇವೆ.

ಮೊಮ್ಮಗಳು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದಿದ್ದಾಳೆ. ಮೊದಲ ಪುಟದಲ್ಲಿ ಅಂಬಿನ ಚಿತ್ರ, ಅದರ ಪಕ್ಕ ಅಳತೆ: ಉದ್ದ, ದಪ್ಪ, ಕಮರ ಎಷ್ಟು, ಬಿದಿರು ಎಷ್ಟು, ಒಂದು ಕಿಲೋಗೆ ಎಷ್ಟು ಜಗ್ಗಿತು, ಒಟ್ಟು 42 ಗ್ರಾಂ. ಕೆಳಗೆ ಆಚಾರ್ರ ಮಾತು, ಬೀಗರ ಮಾತು, ಒಂದೊಂದು ಸಾಲು. ಅದನ್ನು ದೇವಸ್ಥಾನದ ಪೆಟ್ಟಿಗೆಯಲ್ಲಿ ಬಿಲ್ಲಿನ ಜೊತೆ ಇಟ್ಟಿದ್ದೇವೆ. ಒನಕೆಯಲ್ಲಿ ಇನ್ನೂ ಮೂರು ಮೊಳ ಮರ ಉಳಿದಿದೆ. ಗೇಣಿಗೆ ಒಂದು ಅಂಬಿನಂತೆ ಎಷ್ಟು ವರ್ಷಕ್ಕೆ ಸಾಲುತ್ತದೆ ಎಂಬ ಲೆಕ್ಕವನ್ನು ಅವಳು ಎರಡನೆಯ ಪುಟದಲ್ಲಿ ಮಾಡಿದ್ದಾಳೆ.